ಬಾಯಲ್ಲಿರುವ ಇಂಗ್ಲಿಷಿನಿಂದಲೇ ಪ್ರೋಗ್ರಾಮಿಂಗ್ ಶುರುವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಜೂನ್ ಬಂತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಪಿಯು ಮತ್ತು ಡಿಪ್ಲೊಮಾ ಕಾಲೇಜುಗಳಿಗೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ಮಕ್ಕಳು ಬಂದು ಸೇರುತ್ತಾರೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಲ್ಲಿ ಹಲವರು ದಸರಾ ರಜೆಯ ಹೊತ್ತಿಗೆ 'ನಂಗೆ ಇಂಗ್ಲಿಷ್ ಬರಲ್ಲ, ಹಾಗಾಗಿ ಪ್ರೋಗ್ರಾಮಿಂಗೂ ಬರಲ್ಲ' ಎಂದು ತಮ್ಮಷ್ಟಕ್ಕೆ ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಮನೆಯವರೂ ಅದನ್ನು ನಂಬುತ್ತಾರೆ. ಆ ತೀರ್ಪು ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಪತ್ರ. ಅದೇ ಮಕ್ಕಳು ದಿನವಿಡೀ ಸ್ಟಾರ್ಟ್, ಸ್ಟಾಪ್, ಲಿಸ್ಟ್, ಟೋಟಲ್, ಚೆಕ್, ರಿಪೀಟ್, ಸೇವ್, ಡಿಲೀಟ್, ಎಂಟ್ರಿ, ಬ್ಯಾಲೆನ್ಸ್ ಎನ್ನುತ್ತಿರುತ್ತಾರೆ. ಸೊಸೈಟಿಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಈ ಪದಗಳಿಲ್ಲದೆ ಅವರ ಕನ್ನಡವೇ ನಡೆಯುವುದಿಲ್ಲ. ಮೊದಲ ಮೂರು ತಿಂಗಳ ಪ್ರೋಗ್ರಾಮಿಂಗ್ ಪಾಠಕ್ಕೆ ಇಷ್ಟು ಇಂಗ್ಲಿಷ್ ಧಾರಾಳ ಸಾಕು. ಅವರನ್ನು ಹೆದರಿಸುವುದು ಇದರ ಮೇಲೆ ಪೇರಿಸಿದ ಪರಿಭಾಷೆ.

ಮಗು ಪರಿಭಾಷೆಗೆ ಅರ್ಥ ಹುಡುಕುವ ಬಗೆಯನ್ನು ಒಮ್ಮೆ ಗಮನಿಸಿ. ನಿಘಂಟಿನಲ್ಲಿ 'ಆರ್ಗ್ಯುಮೆಂಟ್' ಎಂದರೆ ವಾದ, ಜಗಳ. 'ಸ್ಟ್ರಿಂಗ್' ಎಂದರೆ ದಾರ. 'ಫ್ಲೋಟ್' ಎಂದರೆ ತೇಲು. 'ಓವರ್‌ಲೋಡಿಂಗ್' ಎಂದರೆ ಆಗುಂಬೆ ಘಾಟಿಯಲ್ಲಿ ಲಾರಿಗೆ ದಂಡ ಬೀಳುವ ಸಂಗತಿ. ಪ್ರೋಗ್ರಾಮಿನಲ್ಲಿ ಇವು ಕ್ರಮವಾಗಿ ಫಂಕ್ಷನ್ನಿಗೆ (ಹೆಸರಿಟ್ಟ ಕೆಲಸಕ್ಕೆ) ಕೊಡುವ ಬೆಲೆ, ಪಠ್ಯ, ದಶಮಾಂಶ ಸಂಖ್ಯೆ, ಒಂದೇ ಹೆಸರನ್ನು ಹಲವು ಕೆಲಸಕ್ಕೆ ಬಳಸುವುದು. 'ಇನ್‌ಹೆರಿಟೆನ್ಸ್' ಎಂದರೆ ಅಪ್ಪನ ಆಸ್ತಿ ಪಾಲಾಗುವುದು. ಈ ಕೊನೆಯದು ಮಗುವನ್ನು ನೇರ ತಪ್ಪು ದಾರಿಗೇ ಎಳೆಯುತ್ತದೆ. ಆಸ್ತಿಯಾದರೆ ಮಕ್ಕಳ ನಡುವೆ ಹಂಚಿಹೋಗುತ್ತದೆ, ಕೊಟ್ಟವರ ಕೈಯಲ್ಲಿ ಉಳಿಯುವುದಿಲ್ಲ. ಪ್ರೋಗ್ರಾಮಿನಲ್ಲಿ ತಾಯಿ ಕ್ಲಾಸಿನ (ಕ್ಲಾಸ್ ಎಂದರೆ ಒಂದು ಬಗೆಯ ವಸ್ತುಗಳ ಅಚ್ಚು) ಗುಣವೆಲ್ಲ ಪ್ರತಿಯೊಂದು ಮರಿ ಕ್ಲಾಸಿಗೂ ಪೂರ್ತಿಯಾಗಿ ಸಿಗುತ್ತದೆ, ತಾಯಿಯದು ತಾಯಿಯಲ್ಲೇ ಇರುತ್ತದೆ. ಮಗುವಿನ ಊಹೆಯಲ್ಲಿ ದೋಷವಿಲ್ಲ. ಆ ಹೆಸರು ಮಗುವಿನ ಕೈಗೆ ಕೊಟ್ಟದ್ದೇ ತಪ್ಪು ಚಿತ್ರ.

ಈ ಪದಗಳು ಆಕಾಶದಿಂದ ಇಳಿದವಲ್ಲ. ಯಾರೋ ಒಂದು ದಿನ ಕೂತು ಆರಿಸಿದವು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಭಾಷೆ ಕಟ್ಟಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂದು. ಅವರ ವ್ಯವಸ್ಥೆಯಲ್ಲಿ ಒಳಗೆ ಬರಲು 'ಹಲೋ', ಹೊರಡಲು 'ಗುಡ್‌ಬೈ' ಎಂದು ಟೈಪ್ ಮಾಡಿದರೆ ಆಗುತ್ತಿತ್ತು. ಹೊಸ ಕೆಲಸಕ್ಕೆ 'ನ್ಯೂ', ಹಳೆಯದಕ್ಕೆ 'ಓಲ್ಡ್', ಓಡಿಸಲು 'ರನ್'. ಅದಕ್ಕಿಂತ ಕೆಲವೇ ವರ್ಷ ಹಿಂದೆ ಬಂದ ಲಿಸ್ಪ್ ಭಾಷೆಯಲ್ಲಿ ಪಟ್ಟಿಯ ಮೊದಲ ಅಂಶಕ್ಕೆ 'ಕಾರ್', ಉಳಿದದ್ದಕ್ಕೆ 'ಕುಡರ್' ಎಂಬ ಹೆಸರು ಬಿತ್ತು. ಐಬಿಎಂ 704 ಯಂತ್ರದ ಒಳಗಿನ ಎರಡು ಭಾಗಗಳ ಹೆಸರಿನ ಮೊದಲಕ್ಷರಗಳವು. ಯಂತ್ರ ಗುಜರಿಗೆ ಹೋಗಿ ದಶಕಗಳೇ ಆದವು, ಹೆಸರು ಮಾತ್ರ ಉಳಿದುಕೊಂಡಿದೆ. ಮುಂದೆ ಕಾಮನ್ ಲಿಸ್ಪ್ ಬಂದಾಗ 'ಫಸ್ಟ್' ಮತ್ತು 'ರೆಸ್ಟ್' ಎಂಬ ಪದಗಳನ್ನೂ ಇಟ್ಟರು. ಮಾಡುವ ಕೆಲಸ ಅದೇ. ಒಂದು ಪದ ಯಂತ್ರದ ಹೊಟ್ಟೆಯನ್ನು ತೋರಿಸುತ್ತದೆ, ಇನ್ನೊಂದು ನನಗೇನು ಸಿಗುತ್ತದೆ ಎಂದು ಹೇಳುತ್ತದೆ. ಕಲಿಯುವವರಿಗೆ ಬೇಕಾದದ್ದು ಎರಡನೆಯದು.

ಇನ್ನು ನಮ್ಮ ತರಗತಿಗಳಲ್ಲಿ ದಿನವೂ ಎಡವುವ ಜಾಗಗಳಿಗೆ ಬರುತ್ತೇವೆ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 'ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ' ಎಂಬ ಅಧ್ಯಾಯವಿದೆ. ಅಲ್ಲಿ ಚರಾಕ್ಷರ ಎಂದರೆ ಗೊತ್ತಿಲ್ಲದ ಬೆಲೆ, ಸಮ ಚಿಹ್ನೆ ಎಂದರೆ ಎರಡೂ ಕಡೆ ಒಂದೇ ತೂಕ. ಮಗು ಇದನ್ನು ಕಷ್ಟಪಟ್ಟು ಕಲಿತು ಪಾಸಾಗಿ ಬರುತ್ತದೆ. ಎರಡೇ ತಿಂಗಳಲ್ಲಿ ಬೋರ್ಡಿನ ಮೇಲೆ 'ಎಕ್ಸ್ = ಎಕ್ಸ್ + 1' ಎಂದು ಬರೆದು, ಎಕ್ಸ್ ಒಂದು ವೇರಿಯಬಲ್, ಅಂದರೆ ಚರಾಕ್ಷರ ಎನ್ನುತ್ತೇವೆ. ಗಣಿತ ಚೆನ್ನಾಗಿ ಬರುವ ಮಗು ಎರಡೂ ಕಡೆಯಿಂದ ಎಕ್ಸ್ ಕಳೆದು 0 = 1 ಎಂದು ನೋಡಿ ಕಂಗಾಲಾಗುತ್ತದೆ. ಗಣಿತ ಬಾರದ ಮಗುವಿಗೆ ಈ ತೊಂದರೆಯೇ ಇಲ್ಲ! ಇಲ್ಲಿ ಸಮ ಚಿಹ್ನೆಗೆ 'ಸಮ' ಎಂಬ ಅರ್ಥವಿಲ್ಲ. ಬಲಗಡೆಯದನ್ನು ಲೆಕ್ಕಹಾಕಿ ಎಡಗಡೆಯ ಹೆಸರಿನಲ್ಲಿ ಇಡು ಎಂಬುದು ಅದರ ಆಜ್ಞೆ. ಹಳೆಯ ಬೇಸಿಕ್ಕಿನಲ್ಲಿ ಸಾಲಿನ ಮೊದಲಿಗೆ 'ಲೆಟ್' ಎಂದು ಬರೆಯಬೇಕಿತ್ತು, ಅದರಿಂದಲೇ ಇದು ಸಮೀಕರಣವಲ್ಲ ಎಂಬ ಸುಳಿವು ಸಿಗುತ್ತಿತ್ತು. ಪಾಸ್ಕಲ್ ಭಾಷೆ ಸಮ ಚಿಹ್ನೆಯ ಹಿಂದೆ ಕೋಲನ್ ಇಟ್ಟು ಬೇರೆ ಗುರುತನ್ನೇ ಮಾಡಿಕೊಂಡಿತು. ಕೋಬಾಲ್ ಭಾಷೆಯಲ್ಲಿ 'ಆಡ್ 1 ಟು ಎಕ್ಸ್' ಎಂದು ಬರೆಯಬಹುದು. ಮಕ್ಕಳ ಸ್ಕ್ರ್ಯಾಚ್ ಭಾಷೆಯಲ್ಲಿ ಬೆಲೆ ಇಡಲು 'ಸೆಟ್', ಹೆಚ್ಚಿಸಲು 'ಚೇಂಜ್' ಎಂದು ಎರಡು ಬೇರೆ ಬೇರೆ ತುಂಡುಗಳೇ ಇವೆ. ಸಿ ಅಥವಾ ಪೈಥಾನ್ ಭಾಷೆ ಕಲಿಸುವವರು ಚಿಹ್ನೆಯನ್ನು ಬದಲಿಸಲಾರರು, ಆದರೆ ಓದುವ ರೀತಿಯನ್ನು ಬದಲಿಸಬಹುದು. 'ಎಕ್ಸ್ ಈಕ್ವಲ್ ಟು ಎಕ್ಸ್ ಪ್ಲಸ್ ಒನ್' ಎಂದು ಓದುವುದನ್ನು ಬಿಟ್ಟು 'ಎಕ್ಸ್‌ಗೆ ಒಂದು ಆಡ್ ಮಾಡು' ಎಂದು ಓದಿ. 'ಎ = ಬಿ' ಎಂಬುದನ್ನು 'ಬಿಯಲ್ಲಿರುವುದನ್ನು ನೋಡಿ ಎಯಲ್ಲಿ ಬರೆ' ಎಂದು ಓದಿ.

ಇಲ್ಲೇ ಇನ್ನೊಂದು ಮಾತು. ವೇರಿಯಬಲ್ ಎಂದರೆ ಡಬ್ಬಿ ಎಂದು ಕಲಿಸುವುದು ರೂಢಿ. ಡಬ್ಬಿಯಿಂದ ಡಬ್ಬಿಗೆ ಅಕ್ಕಿ ಸುರಿದರೆ ಮೊದಲನೆಯದು ಖಾಲಿಯಾಗುತ್ತದೆ, ಆದ್ದರಿಂದ 'ಎ = ಬಿ' ಆದಮೇಲೆ ಬಿಯಲ್ಲಿ ಏನೂ ಇಲ್ಲ ಎಂದು ಬರೆಯುವ ಮಕ್ಕಳಿದ್ದಾರೆ. ಡಬ್ಬಿಗಿಂತ ಸ್ಲೇಟು ವಾಸಿ. ಒಂದು ಸ್ಲೇಟು ನೋಡಿ ಇನ್ನೊಂದರ ಮೇಲೆ ಬರೆದರೆ ಮೊದಲನೆಯದರಲ್ಲಿ ಇದ್ದದ್ದು ಅಲ್ಲೇ ಇರುತ್ತದೆ, ಎರಡನೆಯದರಲ್ಲಿ ಹಿಂದೆ ಇದ್ದದ್ದು ಅಳಿಸಿಹೋಗುತ್ತದೆ. ಎರಡು ಬೆಲೆಗಳನ್ನು ಅದಲುಬದಲು ಮಾಡಲು ಮೂರನೆಯ ಸ್ಲೇಟು ಯಾಕೆ ಬೇಕೆಂಬುದನ್ನು ಆಮೇಲೆ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಮತ್ತೆ ಮತ್ತೆ ಮಾಡಿಸಲು ಬಳಸುವ 'ಫಾರ್' ಪದ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಹೈಂಜ್ ರುಟಿಸ್‌ಹೌಸರ್ ತಮ್ಮ ಭಾಷೆಯಲ್ಲಿ ಬಳಸಿದ ಜರ್ಮನ್ 'ಫ್ಯೂರ್' ಎಂಬುದರಿಂದ ಬಂದ ಪದ ಅದು. ಆಲ್ಗಾಲ್ ಎಂಬ ಭಾಷೆಯ ಮೂಲಕ ಸಿ ಭಾಷೆಗೂ, ಅಲ್ಲಿಂದ ಜಾವಾ ಭಾಷೆಗೂ ದಾಟಿತು. 'ಗಾಗಿ' ಎಂಬ ಅರ್ಥದ ಪದಕ್ಕೂ ಹತ್ತು ಸಲ ಮಾಡುವುದಕ್ಕೂ ಏನು ನಂಟು ಎಂದು ಮಗು ಕೇಳಿದರೆ ಉತ್ತರ ಕೊಡುವುದು ಕಷ್ಟ. ಸಂಶೋಧಕರಾದ ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸುಸಾನಾ ಸೀಬರ್ಟ್ ಇಂಥ ಪದಗಳನ್ನು ಪ್ರೋಗ್ರಾಮಿಂಗ್ ಗೊತ್ತಿಲ್ಲದವರ ಮುಂದಿಟ್ಟು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಕೂತವರಿಗೆ 'ಫಾರ್'ಗಿಂತ 'ರಿಪೀಟ್' ಎಂಬುದೇ ಸಹಜವಾಗಿ ಕಂಡಿತ್ತು. ಸ್ಟೆಫಿಕ್ ತಂಡದ ಕೋರಮ್ ಭಾಷೆಯಲ್ಲಿ 'ರಿಪೀಟ್ 10 ಟೈಮ್ಸ್' ಎಂದೇ ಬರೆಯುತ್ತಾರೆ. ಸ್ಟ್ರಿಂಗ್ ಅಲ್ಲಿ 'ಟೆಕ್ಸ್ಟ್', ಫಂಕ್ಷನ್ 'ಆ್ಯಕ್ಷನ್'. ಕಣ್ಣು ಕಾಣದ ಮಕ್ಕಳು ಸ್ಕ್ರೀನ್ ರೀಡರ್ ಮೂಲಕ ಕೇಳಿ ಕಲಿಯಲೆಂದು ಶುರುವಾದ ಭಾಷೆ ಅದು. ಕಿವಿಯಲ್ಲಿ ಕೇಳಿ ಅರ್ಥವಾಗಬೇಕಾದರೆ ಪದ ಎಷ್ಟು ತಿಳಿಯಾಗಿರಬೇಕು ನೋಡಿ.

'ತನಕ' ಎಂಬ ಅರ್ಥದ 'ವೈಲ್' ಪದದ ಕಥೆ ಬೇರೆ. ಅದು ಸುಲಭ ಇಂಗ್ಲಿಷ್ ಹೌದು, ಆದರೂ ಮೋಸಮಾಡುತ್ತದೆ. ತೋಟದ ಟ್ಯಾಂಕಿಗೆ ನೀರು ಹಾಯಿಸುವ ಪ್ರೋಗ್ರಾಂ ಅಂದುಕೊಳ್ಳಿ: ಟ್ಯಾಂಕ್ ತುಂಬದಿರುವ ತನಕ, 10 ನಿಮಿಷ ಮೋಟರ್ ಓಡಿಸು. ಟ್ಯಾಂಕ್ ತುಂಬಿದ ಕ್ಷಣವೇ ಮೋಟರ್ ನಿಲ್ಲುತ್ತದೆ ಎಂದು ತರಗತಿಯ ಬಹಳಷ್ಟು ಮಕ್ಕಳು ಹೇಳುತ್ತಾರೆ, ಯಾಕೆಂದರೆ ಮಾತಿನಲ್ಲಿ 'ತನಕ' ಎಂದರೆ ಹಾಗೇ. ಕಂಪ್ಯೂಟರ್ ಹಾಗೆ ಕಾವಲು ಕಾಯುವುದಿಲ್ಲ. ಪ್ರತಿ ಸುತ್ತಿನ ಶುರುವಿನಲ್ಲಿ ಒಮ್ಮೆ ಮಾತ್ರ ನೋಡುತ್ತದೆ. ಎರಡನೇ ನಿಮಿಷಕ್ಕೆ ಟ್ಯಾಂಕ್ ತುಂಬಿದರೂ ಉಳಿದ ಎಂಟು ನಿಮಿಷ ನೀರು ಉಕ್ಕಿ ಹರಿಯುತ್ತದೆ. ಇಲ್ಲಿ ಪದ ಬದಲಿಸಿ ಪ್ರಯೋಜನವಿಲ್ಲ. 10 ನಿಮಿಷವನ್ನು 10 ಸೆಕೆಂಡ್ ಮಾಡಿ ತೋರಿಸಿದರೆ ತಾನಾಗಿಯೇ ತಿಳಿಯುತ್ತದೆ.

'ಫಿಲ್ಟರ್' ನಮ್ಮ ಅಡುಗೆಮನೆಯದೇ ಪದ, ಹಾಗಾಗಿ ಅಪಾಯ ಹೆಚ್ಚು. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಕೆಳಗಿಳಿಯುತ್ತದೆ, ಚರಟ ಮೇಲೆ ನಿಲ್ಲುತ್ತದೆ. ಪ್ರೋಗ್ರಾಮಿನಲ್ಲಿ ಅಡಿಕೆ ಚೀಲಗಳ ಪಟ್ಟಿಗೆ '50 ಕಿಲೋಗಿಂತ ಹೆಚ್ಚು' ಎಂಬ ಷರತ್ತು ಕೊಟ್ಟು ಫಿಲ್ಟರ್ ಮಾಡಿದರೆ ಆ ಚೀಲಗಳು ಡಿಕಾಕ್ಷನ್ನೋ ಚರಟವೋ? ಉಳಿಯುವುದೂ ಅವೇ, ಕೈಗೆ ಸಿಗುವುದೂ ಅವೇ. ಆದರೆ ಇದು ಪದದಿಂದ ಗೊತ್ತಾಗುವುದಿಲ್ಲ. ಸ್ಮಾಲ್‌ಟಾಕ್ ಮತ್ತು ರೂಬಿ ಭಾಷೆಗಳು ಇಲ್ಲಿ ಜಾಣತನ ತೋರಿವೆ: ಇಟ್ಟುಕೊಳ್ಳುವುದಕ್ಕೆ 'ಸೆಲೆಕ್ಟ್', ಬಿಸಾಡುವುದಕ್ಕೆ 'ರಿಜೆಕ್ಟ್'. ಸುಲಿದ ಅಡಿಕೆ ಆರಿಸಲು ಕೂತವರಿಗೆ ಈ ಎರಡು ಪದಗಳನ್ನು ವಿವರಿಸಬೇಕಾಗಿಲ್ಲ.

ಮಲೆನಾಡಿನ ಮಕ್ಕಳಿಗೆ 'ನಲ್' ಅರ್ಥಮಾಡಿಸಲು ಮಳೆ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮಳೆಮಾಪಕದ ಓದನ್ನು ಬೆಳಿಗ್ಗೆ 8.30ಕ್ಕೆ ಬರೆದಿಡುವುದು ಕ್ರಮ. ನಾಲ್ಕು ದಿನದ ಲೆಕ್ಕ ಹೀಗಿದೆ ಅನ್ನಿ: 80 ಮಿಲಿಮೀಟರ್, 120, ಮೂರನೇ ದಿನ ಯಾರೂ ನೋಡಲಿಲ್ಲ, ನಾಲ್ಕನೇ ದಿನ 100. ನೋಡದ ದಿನವನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 100. ಆ ದಿನಕ್ಕೆ 0 ಎಂದು ತುಂಬಿಸಿದರೆ 75ಕ್ಕೆ ಇಳಿಯುತ್ತದೆ. ಎಕ್ಸೆಲ್ ಖಾಲಿ ಕೋಶವನ್ನು ಸರಾಸರಿಗೆ ಸೇರಿಸುವುದಿಲ್ಲ, 0 ಇದ್ದರೆ ಸೇರಿಸುತ್ತದೆ. 'ಮಳೆ ಬರಲಿಲ್ಲ' ಬೇರೆ, 'ಗೊತ್ತಿಲ್ಲ' ಬೇರೆ. ಡೇಟಾಬೇಸಿನಲ್ಲಿ ಎರಡನೆಯದಕ್ಕೆ ನಲ್ ಎನ್ನುತ್ತಾರೆ, ಮಕ್ಕಳು ಅದನ್ನು ಸೊನ್ನೆ ಎಂದೇ ಓದುತ್ತಾರೆ. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ 'ನಲ್ = ನಲ್' ಎಂದು ಕೇಳಿದರೆ ಹೌದು ಎಂಬ ಉತ್ತರ ಬರುವುದಿಲ್ಲ, 'ಈಸ್ ನಲ್' ಎಂದೇ ಕೇಳಬೇಕು. ಇದನ್ನು ವಿಚಿತ್ರ ನಿಯಮವೆಂದು ಬಾಯಿಪಾಠ ಮಾಡಿಸುತ್ತೇವೆ. ನಲ್ ಬದಲು 'ಗೊತ್ತಿಲ್ಲ' ಎಂದು ಓದಿಸಿ ನೋಡಿ. ಸೋಮವಾರದ ಮಳೆ ಗೊತ್ತಿಲ್ಲ, ಗುರುವಾರದ್ದೂ ಗೊತ್ತಿಲ್ಲ, ಎರಡೂ ಒಂದೇ ಏನು? 'ಹೇಗೆ ಹೇಳೋದು ಸಾರ್' ಎಂದು ಮಗುವೇ ಕೇಳುತ್ತದೆ. ನಿಯಮ ಅಷ್ಟೇ! ಅಂಕಿಅಂಶಕ್ಕೆಂದೇ ಇರುವ ಆರ್ ಭಾಷೆಯಲ್ಲಿ ಇದಕ್ಕೆ 'ಎನ್‌ಎ', ಅಂದರೆ 'ನಾಟ್ ಅವೈಲೆಬಲ್' ಎಂಬ ಹೆಸರಿದೆ. ಅಲ್ಲಿ ಒಂದು ಎನ್‌ಎ ಸೇರಿದರೂ ಒಟ್ಟು ಮೊತ್ತ ಎನ್‌ಎ ಆಗುತ್ತದೆ. ಬಿಟ್ಟು ಕೂಡು ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಎಷ್ಟು ಪ್ರಾಮಾಣಿಕ ನಡವಳಿಕೆ! ಪ್ರೋಗ್ರಾಮಿಂಗ್ ಭಾಷೆಗೆ ನಲ್ ತಂದ ಟೋನಿ ಹೋರ್, 1965ರ ತಮ್ಮ ಆ ಆವಿಷ್ಕಾರವನ್ನು ಮುಂದೆ ತಾವೇ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು.

ಹಾಗಾದರೆ ಎಲ್ಲಕ್ಕೂ ಮನೆಮಾತಿನ ಪದ ಇಟ್ಟರೆ ಆಯಿತಲ್ಲ ಎಂದು ಕೆಲವರು ಕೇಳಬಹುದು. ಇಲ್ಲ, ಆಗುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ 'ಸರಕು' ಎಂದರೆ ಎಲ್ಲಕ್ಕಿಂತ ಹೆಚ್ಚು ದರ ಬರುವ ಒಂದು ದರ್ಜೆ. ಹೊರಗಿನವರು ದರಪಟ್ಟಿ ನೋಡಿದರೆ ಸರಕು ಎಂದರೆ ಯಾವುದೋ ಸಾಮಾನು ಅಂದುಕೊಳ್ಳುತ್ತಾರೆ. ಇನ್ನೊಂದು ದರ್ಜೆಯ ಹೆಸರಾದ 'ಗೊರಬಲು' ಎಂಬ ಪದ ಕೇಳಿದರೆ ಕನಿಷ್ಠಪಕ್ಷ 'ಹಾಗಂದ್ರೆ ಏನು' ಎಂದು ಕೇಳುತ್ತಾರೆ. ಗೊತ್ತಿಲ್ಲದ ಪದ ಪ್ರಶ್ನೆ ಹುಟ್ಟಿಸುತ್ತದೆ. ಗೊತ್ತಿದ್ದಂತೆ ಕಾಣುವ ಪದ ಪ್ರಶ್ನೆಯನ್ನೇ ಕೊಂದುಹಾಕುತ್ತದೆ. ಹೀಗಾಗಿ ಸುಳ್ಳು ಹೇಳುವ ಸರಳ ಪದಕ್ಕಿಂತ ನಿಜ ಹೇಳುವ ಕಠಿಣ ಪದವೇ ಮೇಲು.

ಪೈಥಾನ್‌ನಲ್ಲಿ ಇದರ ಕಣ್ಣೆದುರಿನ ಸಾಕ್ಷಿ ಇದೆ. ಸಿಯಲ್ಲಿ ಎರಡು ನಿಂತ ಗೆರೆ ಹಾಕುವ ಕಡೆ ಪೈಥಾನ್ 'ಆರ್' ಎಂದು ಬರೆಯಲು ಬಿಡುತ್ತದೆ. ಅಡಿಕೆಯ ದರ್ಜೆ ರಾಶಿ ಅಥವಾ ಬೆಟ್ಟೆ ಆದರೆ ಮಾತ್ರ ಪಟ್ಟಿಗೆ ಸೇರಿಸು ಎಂದು ಹೇಳಲು ಮಗು 'ಇಫ್ ದರ್ಜೆ == "ರಾಶಿ" ಆರ್ "ಬೆಟ್ಟೆ"' ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲೂ ಸರಿ, ಕನ್ನಡದಲ್ಲೂ ಸರಿ. ಪೈಥಾನ್ ತಪ್ಪು ತೋರಿಸುವುದಿಲ್ಲ, ಆದರೆ ಗೊರಬಲೂ ಒಳಗೆ ಬರುತ್ತದೆ, ಸರಕೂ ಬರುತ್ತದೆ, ಕಾಳುಮೆಣಸು ಎಂದು ಕೊಟ್ಟರೆ ಅದೂ ಬರುತ್ತದೆ! ಕಾರಣ, ಅದು 'ದರ್ಜೆ ರಾಶಿಯೇ?' ಎಂಬುದನ್ನು ಒಂದು ಪ್ರಶ್ನೆಯಾಗಿ, 'ಬೆಟ್ಟೆ' ಎಂಬ ಒಂಟಿ ಪದವನ್ನು ಇನ್ನೊಂದು ಪ್ರಶ್ನೆಯಾಗಿ ನೋಡುತ್ತದೆ. ಖಾಲಿಯಲ್ಲದ ಯಾವ ಪದವೂ ಪೈಥಾನಿಗೆ 'ಹೌದು'. ಅದರಿಂದ ಷರತ್ತು ಯಾವಾಗಲೂ ನಿಜವಾಗುತ್ತದೆ. ಸರಿಪಡಿಸುವ ಬಗೆ: 'ಇಫ್ ದರ್ಜೆ ಇನ್ ["ರಾಶಿ", "ಬೆಟ್ಟೆ"]'. ಇಲ್ಲಿ 'ಇನ್' ಪದ ತಾನು ಹೇಳಿದ್ದನ್ನೇ ಮಾಡುತ್ತದೆ. 'ಆರ್' ಕಲಿಸುವ ದಿನವೇ ಈ ಸಾಲನ್ನು ಬೋರ್ಡಿನ ಮೇಲೆ ಬರೆದು ಓಡಿಸಿ ತೋರಿಸದಿದ್ದರೆ, ಪರೀಕ್ಷೆಯ ಹಿಂದಿನ ದಿನದವರೆಗೂ ಅದು ಮಕ್ಕಳ ಪ್ರೋಗ್ರಾಮಿನಲ್ಲಿ ಅಡಗಿ ಕೂತಿರುತ್ತದೆ.

ಇನ್ನೊಂದು ಸುಳ್ಳು ಕನ್ನಡಿಗರಿಗೇ ಹೆಚ್ಚು ತಟ್ಟುವಂಥದ್ದು. ಪೈಥಾನಿನ 'ಲೆನ್' ಎಂದರೆ ಲೆಂಗ್ತ್, ಅದು ಕ್ಯಾರೆಕ್ಟರ್‌ಗಳನ್ನು ಎಣಿಸುತ್ತದೆ, ಕ್ಯಾರೆಕ್ಟರ್ ಎಂದರೆ ಅಕ್ಷರ ಎಂದು ಪಾಠಪುಸ್ತಕಗಳು ಹೇಳುತ್ತವೆ. 'ಶಿವಮೊಗ್ಗ' ಎಂಬ ಪದದ ಉದ್ದ ಕೇಳಿದರೆ ಪೈಥಾನ್ 8 ಎನ್ನುತ್ತದೆ. ಒಂದನೇ ತರಗತಿಯ ಮಗು ಶಿ, ವ, ಮೊ, ಗ್ಗ ಎಂದು ಎಣಿಸಿ 4 ಎನ್ನುತ್ತದೆ. ಮಗುವೇ ಸರಿ. ಪೈಥಾನ್ ಎಣಿಸಿದ್ದು ಶ, ಗುಡಿಸು, ವ, ಮ, ಒತ್ವ, ಗ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ಗ. ಇವು ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಸಂಕೇತಗಳು, ನಮ್ಮ ಅಕ್ಷರಗಳಲ್ಲ. 'ರಾಶಿ'ಯನ್ನು ಹಿಂದುಮುಂದು ಮಾಡಿಸಿದರೆ ಶಿರಾ ಬರುವುದಿಲ್ಲ, ಮೊದಲಿಗೆ ಒಂಟಿ ಗುಡಿಸು ತಲೆ ಎತ್ತಿಕೊಂಡು ಬರುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಬಳಸಿ ಅಭ್ಯಾಸ ಮಾಡಿಸಿದರೆ ಇದು ಕಣ್ಣಿಗೇ ಬೀಳುವುದಿಲ್ಲ, ಆಮೇಲೆ ಮತದಾರರ ಪಟ್ಟಿಗೋ ಪಡಿತರ ಚೀಟಿಗೋ ತಂತ್ರಾಂಶ ಬರೆಯುವಾಗ ಊರಿನ ಹೆಸರು ನಡುವೆ ತುಂಡಾಗಿ ಅಚ್ಚಾಗುತ್ತದೆ. ಇಂಥ ಒಂದೊಂದು ಸಂಕೇತಕ್ಕೆ ಇರುವ 'ಕೋಡ್ ಪಾಯಿಂಟ್' ಎಂಬ ತಾಂತ್ರಿಕ ಪದವನ್ನೇ ಮೊದಲ ದಿನದಿಂದ ಹೇಳಿಕೊಡುವುದು ಒಳ್ಳೆಯದು. ಅದಕ್ಕೆ ಅಕ್ಷರ ಎಂಬ ನಮ್ಮ ಒಳ್ಳೆಯ ಪದವನ್ನು ಬಲಿಕೊಡಬಾರದು.

ಸಾಲಿಗೆ ಸಾಲು ಇಂಗ್ಲಿಷ್ ವಾಕ್ಯದಂತೆ ಕಾಣುವ ಭಾಷೆಗಳ ಅನುಭವವೂ ನಮ್ಮ ಮುಂದಿದೆ. ಕೋಬಾಲ್ ಹಾಗೆಯೇ ಬಂತು, 1993ರಲ್ಲಿ ಆಪಲ್‌ಸ್ಕ್ರಿಪ್ಟ್ ಕೂಡ ಹಾಗೆಯೇ ಬಂತು. ಬೇರೆಯವರು ಬರೆದದ್ದನ್ನು ಓದಲು ಸುಲಭ, ತಾನೇ ಬರೆಯಲು ಹೋದರೆ ಹತ್ತು ಸಹಜ ವಾಕ್ಯಗಳಲ್ಲಿ ಯಂತ್ರ ಒಪ್ಪುವ ಒಂದು ಯಾವುದು ಎಂದು ಹುಡುಕಾಟ. ಪದ ಸರಳವಾಗಿರಲಿ, ವ್ಯಾಕರಣ ಮಾತ್ರ ಚಿಕ್ಕದಾಗಿ, ಬಿಗಿಯಾಗಿ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಪರಿಭಾಷೆಯನ್ನು ಸಂಸ್ಕೃತಕ್ಕೆ ತಿರುಗಿಸಿದರೂ ಕಷ್ಟ ತೀರುವುದಿಲ್ಲ. ತಂತ್ರಾಂಶ, ದತ್ತಾಂಶ ಎಂಬ ಪದಗಳನ್ನು ಪತ್ರಿಕೆಗಳು ದಿನವೂ ಬಳಸಿ ಪಳಗಿಸಿವೆ, ಅವು ಇರಲಿ. ಪ್ಯಾರಾಮೀಟರಿಗೆ 'ಪ್ರಾಚಲ', ಪ್ರೋಗ್ರಾಮಿಗೆ 'ಕ್ರಮವಿಧಿ' ಎಂದರೆ ಮಗು ಎರಡು ಗೋಡೆ ಹತ್ತಬೇಕು, ಪರೀಕ್ಷೆಯಲ್ಲಿ ಮತ್ತೆ ಇಂಗ್ಲಿಷಿಗೇ ಇಳಿಯಬೇಕು. ಕುಪ್ಪಳಿಯ ಕುವೆಂಪು ಅವರು ಕಾಲೇಜಿನ ಪಾಠವೂ ಕನ್ನಡದಲ್ಲಿ ಆಗಲಿ ಎಂದು ಹೋರಾಡಿದ್ದು, ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ್ದು ಹಳ್ಳಿಯ ಮಗುವಿಗೂ ವಿಷಯ ದಕ್ಕಲಿ ಎಂದು. ವಿವರಣೆ ಪೂರ್ತಿ ಕನ್ನಡದಲ್ಲಿರಲಿ. ಪದ ಮಾತ್ರ ಬಾಯಲ್ಲಿ ಈಗಾಗಲೇ ಇರುವುದಾಗಿರಲಿ.

ತಪ್ಪು ತೋರಿಸುವ ಸಂದೇಶಗಳ ಬಗ್ಗೆ ಹೇಳಲೇಬೇಕು. ಜಾವಾದಲ್ಲಿ 'ಇಲ್ಲೀಗಲ್ ಸ್ಟಾರ್ಟ್ ಆಫ್ ಎಕ್ಸ್‌ಪ್ರೆಶನ್' ಎಂದು ಬಂದರೆ ಕಾನೂನು ಮುರಿದೆನೇನೋ ಎಂಬಂತೆ ಮಗು ಕೈ ಹಿಂದೆಗೆಯುತ್ತದೆ. ಸಾಮಾನ್ಯವಾಗಿ ಆಗಿರುವುದು ಮೇಲೆಲ್ಲೋ ಒಂದು ಆವರಣ ಚಿಹ್ನೆ ಮುಚ್ಚದಿರುವುದು, ಅಷ್ಟೇ. ಸಿಯಲ್ಲಿ ಟೈಪ್ ಮಾಡಿದ್ದನ್ನು ಓದಿಕೊಳ್ಳುವ 'ಸ್ಕ್ಯಾನ್‌ಎಫ್' ಬರೆಯುವಾಗ ಹೆಸರಿನ ಹಿಂದೆ ಆಂಪರ್ಸ್ಯಾಂಡ್ (&) ಹಾಕದೆ ಬಿಟ್ಟರೆ 'ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್' ಎಂದು ಬರಬಹುದು. ಕೋರ್ ಎಂದರೆ ಹಳೆಯ ಕಾಲದ ಯಂತ್ರಗಳಲ್ಲಿ ನೆನಪಿನ ಕೆಲಸ ಮಾಡುತ್ತಿದ್ದ ಸಣ್ಣ ಕಾಂತದ ಉಂಗುರಗಳು. ಮಗುವಿಗೆ ಹೇಳಬೇಕಾದದ್ದು ಇಷ್ಟು: ಬೇಲಿ ದಾಟಿ ನಿನ್ನದಲ್ಲದ ಜಾಗಕ್ಕೆ ಬರೆಯಲು ಹೋಗಿದ್ದೀಯ, ಎಲ್ಲಿ ಬರೆಯಬೇಕೆಂಬ ವಿಳಾಸ ಕೊಡುವುದು ಮರೆತಿದೆ. ಪೈಥಾನ್ ಈ ವಿಷಯದಲ್ಲಿ ತಿದ್ದಿಕೊಂಡಿದೆ. ಮುಚ್ಚದ ಆವರಣಕ್ಕೆ ಮೊದಲೆಲ್ಲ ಅದರ ಮುಂದಿನ ಸಾಲನ್ನು ತೋರಿಸಿ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' ಎನ್ನುತ್ತಿದ್ದದ್ದು, 2021ರ 3.10ನೇ ಆವೃತ್ತಿಯಿಂದ ಆವರಣ ತೆರೆದ ಜಾಗವನ್ನೇ ತೋರಿಸಿ ಇದನ್ನು ಮುಚ್ಚಲೇ ಇಲ್ಲ ಎಂದು ಹೇಳುತ್ತದೆ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಅದಕ್ಕಿಂತ ಹಳೆಯ ಪೈಥಾನ್ ಇದ್ದರೆ ಮೊದಲು ಅದನ್ನು ಬದಲಿಸಿ. ಖರ್ಚಿಲ್ಲದ ಕೆಲಸ.

ಭಾಷೆಯ ಪದಗಳು ನಮ್ಮ ಕೈಯಲ್ಲಿಲ್ಲ, ಪ್ರೋಗ್ರಾಮಿನೊಳಗೆ ನಾವು ಇಡುವ ಹೆಸರುಗಳು ಪೂರ್ತಿ ನಮ್ಮ ಕೈಯಲ್ಲಿವೆ. ಲ್ಯಾಬ್ ಪುಸ್ತಕಗಳಲ್ಲಿ ಎ, ಬಿ, ಟೆಂಪ್, ಫ್ಲ್ಯಾಗ್ ಬಿಟ್ಟರೆ ಬೇರೆ ಹೆಸರೇ ಕಾಣುವುದಿಲ್ಲ. ಅಡಿಕೆ ದರ ಕ್ವಿಂಟಲಿಗೆ, ತೂಕ ಕಿಲೋದಲ್ಲಿ. ದರ 50,000 ರೂಪಾಯಿ, ಚೀಲದ ಸಮೇತ ತೂಕ 65 ಕಿಲೋ, ಚೀಲಕ್ಕೆ 1 ಕಿಲೋ ಕಳೆಯಬೇಕು ಎಂದಿಟ್ಟುಕೊಳ್ಳಿ. 64ನ್ನು 100ರಿಂದ ಭಾಗಿಸಿ ಗುಣಿಸಿದರೆ 32,000 ರೂಪಾಯಿ. 'ಎ ಇಂಟು ಬಿ' ಎಂದು ಬರೆದರೆ 32 ಲಕ್ಷ, ತಪ್ಪು ಎಲ್ಲಿದೆಯೆಂದು ಸಾಲು ನೋಡಿ ಯಾರೂ ಹೇಳಲಾರರು. 'ತೂಕ_ಕಿಲೋ ಇಂಟು ದರ_ಕ್ವಿಂಟಲ್' ಎಂದಿದ್ದರೆ ಹೆಸರುಗಳೇ ಜಗಳಕ್ಕೆ ನಿಲ್ಲುತ್ತವೆ. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರಲ್ಲಿ ಕಳೆದುಹೋದದ್ದು ಇಂಥದ್ದೇ ತಪ್ಪಿನಿಂದ. ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಎಂದು ಓದಿಕೊಂಡಿತ್ತು.

ಪೈಥಾನ್ 3ರಲ್ಲಿ ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಒಂದೇ ಎಚ್ಚರಿಕೆ: 'ಸಾಫ್ಟ್‌ವೇರ್' ಥರದ ಪದದಲ್ಲಿ ಒತ್ತಕ್ಷರ ಬೀಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. ಅದಿರುವ ಹೆಸರನ್ನು ಪೈಥಾನ್ ಒಪ್ಪುವುದಿಲ್ಲ. ಮಳೆ, ತೂಕ, ದರ, ಚೀಲ, ಒಟ್ಟು ಎಂಬಂಥ ಹೆಸರುಗಳಿಗೆ ಆ ತೊಂದರೆ ಇಲ್ಲ. ಕನ್ನಡ ಅಂಕಿಗಳನ್ನು ಪ್ರೋಗ್ರಾಮಿನ ಸಾಲಿನಲ್ಲಿ ನೇರ ಬರೆಯಲು ಬರುವುದಿಲ್ಲ, ಆದರೆ ಬಳಕೆದಾರರು ೪೨ ಎಂದು ಟೈಪ್ ಮಾಡಿದ್ದನ್ನು, ಪಠ್ಯವನ್ನು ಸಂಖ್ಯೆಯಾಗಿಸುವ 'ಇಂಟ್' ಸರಿಯಾಗಿ 42 ಎಂದೇ ಓದುತ್ತದೆ.

ಬೆಂಗಳೂರಿನ ಸಂದರ್ಶನದಲ್ಲಿ ಪಾಲಿಮಾರ್ಫಿಸಂ ಅಂದರೇನು ಎಂದು ಕೇಳುತ್ತಾರೆ, ಆಗ ಈ ಮಕ್ಕಳ ಗತಿ ಏನು ಎಂಬ ಪ್ರಶ್ನೆ ನ್ಯಾಯವಾದದ್ದು. ಆ ಪದವನ್ನು ಕಲಿಸಲೇಬೇಕು. ಕಲಿಸುವ ಹೊತ್ತು ಯಾವುದು ಎಂಬುದಷ್ಟೇ ನಮ್ಮ ತಕರಾರು. ಗೊರಬಲು ಎಂಬ ಪದ ಮಲೆನಾಡಿನ ಮಗುವಿಗೆ ಕಷ್ಟವಾಗದಿರುವುದು ಅಡಿಕೆ ಕೈಯಲ್ಲಿ ಹಿಡಿದಮೇಲೆ ಹೆಸರು ಕೇಳಿದ್ದರಿಂದ. ಪ್ರೋಗ್ರಾಮಿಂಗ್‌ನಲ್ಲೂ ಮೊದಲು ಮಾಡಿಸಿ, ಆಮೇಲೆ ಹೆಸರಿಡಿ. ಒಮ್ಮೆ ಹೆಸರಿಟ್ಟರೆ ವರ್ಷವಿಡೀ ಅದೇ ಹೆಸರು. ಇವತ್ತು ಫಂಕ್ಷನ್, ನಾಳೆ ಮೆಥಡ್, ನಾಡಿದ್ದು ಪ್ರೊಸೀಜರ್ ಎಂದರೆ ಮೂರು ಬೇರೆ ವಸ್ತುಗಳಿವೆ ಎಂದು ಮಗು ಭಾವಿಸುತ್ತದೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ. ಎರಡು ಅಂಕಕ್ಕೆ 'ಡಿಫೈನ್' ಎಂದು ಕೇಳುವ ಕಡೆ ನಾಲ್ಕು ಸಾಲಿನ ಪ್ರೋಗ್ರಾಂ ಕೊಟ್ಟು ಏನು ಅಚ್ಚಾಗುತ್ತದೆ ಎಂದು ಕೇಳಿ. ವ್ಯಾಖ್ಯೆಯನ್ನು ಉರುಹೊಡೆಯಬಹುದು, ಇದನ್ನು ಆಗದು.

ಪದ ಆರಿಸುವ ಬಗೆ ಶಿಕ್ಷಕರಿಗೆ ಕಷ್ಟವೇನಲ್ಲ. ಪಾಠ ಶುರುವಾಗುವ ಮುನ್ನ ಮುಂದಿನ ವಾರದ ಹತ್ತು ಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ, ವಿವರಿಸಬೇಡಿ. ಪ್ರತಿಯೊಂದೂ ಏನು ಮಾಡಬಹುದೆಂದು ಮಕ್ಕಳು ಕನ್ನಡದಲ್ಲಿ ಒಂದೊಂದು ಸಾಲು ಬರೆಯಲಿ, ಹೆಸರು ಹಾಕುವುದು ಬೇಡ. ಇಪ್ಪತ್ತು ನಿಮಿಷ ಸಾಕು. ಚೀಟಿಗಳನ್ನು ಮೂರು ಗುಡ್ಡೆ ಮಾಡಿ: ಸರಿ ಊಹೆ, ಖಾಲಿ ಬಿಟ್ಟದ್ದು, ತಪ್ಪು ಊಹೆ. ಸರಿ ಬಂದ ಪದ ಹಾಗೇ ಬಳಸಿ. ಖಾಲಿ ಬಿಟ್ಟ ಪದವನ್ನು ವಸ್ತು ತೋರಿಸಿ ಕಲಿಸಿ. ಹೆಚ್ಚು ಹೊತ್ತು ಕೊಡಬೇಕಾದದ್ದು ಮೂರನೇ ಗುಡ್ಡೆಗೆ. ಆ ಚೀಟಿಗಳನ್ನು ಎಸೆಯಬೇಡಿ. ಮುಂದಿನ ವರ್ಷ ಅದೇ ಪದಕ್ಕೆ ಬರುವ ಊಹೆಗಳೂ ಹೆಚ್ಚುಕಡಿಮೆ ಅವೇ ಆಗಿರುತ್ತವೆ, ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು.

ಇಂತಿ,
ಇಬ್ಬರು ಕಂಪ್ಯೂಟರ್ ವಿಜ್ಞಾನ ಬೋಧಕರು,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ